ನಮ್ಮ ಮಗುವಿನ ಶಾಲೆ, ನೆರೆಮನೆಯ ಮಗುವಿನ ಶಾಲೆ

ಪ್ರತಿ ವರ್ಷ ಕ್ರಿಸ್ತಜಯಂತಿಯ ಗೋದಲಿಯನ್ನು ಕಳಚಿಡುವ ಹೊತ್ತಿಗೆ ನಮ್ಮ ಅನೇಕ ಮನೆಗಳಲ್ಲಿ ಒಂದು ಹೊಸ ಚಿಂತೆ ಆರಂಭವಾಗುತ್ತದೆ. ಮಗುವಿಗೆ ಮೂರು ತುಂಬಿದೆ, ಶಾಲೆಗೆ ಸೇರಿಸಬೇಕು. ಯಾವ ಶಾಲೆ? ಅರ್ಜಿ ಯಾವಾಗ ಕೊಡುತ್ತಾರೆ? ಡೊನೇಷನ್ ಎಷ್ಟು? ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಿಂತ ಯುವ ದಂಪತಿಗಳ ಮಾತೆಲ್ಲ ಇದೇ. ವಿಚಾರಣಾ ಗುರುಗಳಿಂದ ಒಂದು ಪತ್ರ ಸಿಕ್ಕರೆ ಸಾಕು ಎನ್ನುವವರು ಕೆಲವರು, ಶಾಲೆಯ ಹತ್ತಿರವೇ ಬಾಡಿಗೆ ಮನೆ ಹುಡುಕುವವರು ಕೆಲವರು, ಚಿನ್ನವನ್ನು ಅಡವಿಟ್ಟು ಶುಲ್ಕ ಕಟ್ಟಲು ಸಿದ್ಧರಾಗುವವರು ಮತ್ತೆ ಕೆಲವರು.

ಮಕ್ಕಳಿಗಾಗಿ ಕಷ್ಟಪಡುವ ಹೆತ್ತವರನ್ನು ಯಾರೂ ದೂಷಿಸಲಾರರು. ಆದರೆ ಈ ಓಡಾಟದ ಹಿಂದೆ ನಾವು ಸಾಮಾನ್ಯವಾಗಿ ಕೇಳಿಕೊಳ್ಳದ ಒಂದು ನೈತಿಕ ಪ್ರಶ್ನೆಯಿದೆ. ನನ್ನ ಮಗುವಿಗೆ ಇಷ್ಟವಾದ ಶಾಲೆಯನ್ನು ಆರಿಸುವ ಹಕ್ಕು ನನಗಿದೆ. ಆ ಹಕ್ಕಿಗೆ ಏನಾದರೂ ಎಲ್ಲೆಯುಂಟೇ? ಸರಕಾರವು ಒಂದು ಗೆರೆ ಎಳೆದು, ಈ ಬಡಾವಣೆಯ ಮಕ್ಕಳೆಲ್ಲ ಈ ಶಾಲೆಗೇ ಹೋಗಬೇಕು ಎಂದು ಹೇಳಿದರೆ ಅದು ನ್ಯಾಯವೋ ಅನ್ಯಾಯವೋ? ನಾನು ಆರಿಸಿಕೊಳ್ಳುವಾಗ, ಆರಿಸಿಕೊಳ್ಳಲು ಶಕ್ತಿಯಿಲ್ಲದ ನೆರೆಮನೆಯವನ ಮಗುವಿನ ವಿಷಯದಲ್ಲಿ ನನಗೆ ಏನಾದರೂ ಹೊಣೆಯಿದೆಯೇ?

ಹೆತ್ತವರ ಹಕ್ಕು

ಮೊದಲು ಹಕ್ಕಿನ ಮಾತನ್ನೇ ನೋಡೋಣ. ಈ ವಿಷಯದಲ್ಲಿ ನಮ್ಮ ಧರ್ಮಸಭೆಯ ಬೋಧನೆ ಸ್ಪಷ್ಟವಾಗಿದೆ. ಮಗುವಿನ ಮೊದಲ ಶಿಕ್ಷಕರು ತಂದೆತಾಯಿಗಳು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆಯಲ್ಲಿ ಈ ಮಾತಿದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 797ನೆಯ ವಿಧಿಯು ಹೆತ್ತವರಿಗೆ ಶಾಲೆಯ ಆಯ್ಕೆಯಲ್ಲಿ ನಿಜವಾದ ಸ್ವಾತಂತ್ರ್ಯ ಇರಬೇಕೆಂದು ಹೇಳುತ್ತದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಇದನ್ನು ಮೂಲಭೂತ ಹಕ್ಕು ಎಂದೇ ಕರೆದಿದೆ.

ಈ ಮಾತಿಗೆ ಒಂದು ಇತಿಹಾಸವಿದೆ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ 1922ರಲ್ಲಿ ಜನಮತದ ಮೂಲಕ ಒಂದು ಕಾನೂನು ಜಾರಿಗೆ ಬಂತು. ಎಂಟರಿಂದ ಹದಿನಾರು ವರ್ಷದ ಮಕ್ಕಳೆಲ್ಲರೂ ಸರಕಾರಿ ಶಾಲೆಗೇ ಹೋಗಬೇಕೆಂಬುದು ಅದರ ಸಾರ. ಮಕ್ಕಳೆಲ್ಲ ಒಂದೇ ಕಡೆ ಕಲಿಯಲಿ ಎಂಬ ಮಾತು ಮೇಲ್ನೋಟಕ್ಕೆ ಒಳ್ಳೆಯದಾಗಿಯೇ ಕಾಣುತ್ತದೆ. ಆದರೆ ಕಥೋಲಿಕರನ್ನೂ ವಲಸೆ ಬಂದವರನ್ನೂ ದ್ವೇಷಿಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಸಂಘಟನೆ ಆ ಕಾನೂನಿನ ಬೆನ್ನಿಗೆ ನಿಂತಿತ್ತು. ಕಥೋಲಿಕ ಶಾಲೆಗಳಿಗೆ ಬೀಗ ಹಾಕಿಸುವುದೇ ಅದರ ಪರಿಣಾಮವಾಗುತ್ತಿತ್ತು. ಶಾಲೆ ನಡೆಸುತ್ತಿದ್ದ ಕನ್ಯಾಸ್ತ್ರೀಯರ ಒಂದು ಸಭೆ ನ್ಯಾಯಾಲಯಕ್ಕೆ ಹೋಯಿತು. 1925ರ ಜೂನ್ 1ರಂದು ಅಮೆರಿಕದ ಸುಪ್ರೀಂ ಕೋರ್ಟು ಆ ಕಾನೂನನ್ನು ತಳ್ಳಿಹಾಕಿ, ಮಗು ಸರಕಾರದ ಸೊತ್ತಲ್ಲ ಎಂಬ ಅರ್ಥದ ತೀರ್ಪು ಕೊಟ್ಟಿತು. ನಾಲ್ಕು ವರ್ಷಗಳ ನಂತರ, 1929ರಲ್ಲಿ, ಜಗದ್ಗುರು ಹನ್ನೊಂದನೆಯ ಪಿಯೂಸರು ಕ್ರೈಸ್ತ ಶಿಕ್ಷಣದ ಬಗ್ಗೆ ಬರೆದ ವಿಶ್ವಪರಿಪತ್ರದಲ್ಲಿ ಈ ತೀರ್ಪನ್ನು ನೆನೆದಿದ್ದಾರೆ.

ಹೆತ್ತವರ ಆಯ್ಕೆಯ ಹಕ್ಕು ಹಣವಂತರು ತಮ್ಮ ಅನುಕೂಲಕ್ಕೆ ಕಟ್ಟಿಕೊಂಡ ಮಾತಲ್ಲ. ಸರಕಾರದ ಬಲದ ಎದುರು ದುರ್ಬಲರಾದ ಜನರು ತಮ್ಮ ವಿಶ್ವಾಸವನ್ನೂ ಮಕ್ಕಳನ್ನೂ ಉಳಿಸಿಕೊಳ್ಳಲು ಹಿಡಿದ ಗುರಾಣಿ ಅದು. ಇದನ್ನು ಮರೆಯದೆ ಮುಂದಿನ ಮಾತಿಗೆ ಬರೋಣ.

ನೆರೆಹೊರೆ ಶಾಲೆಯ ಕನಸು

ನಮ್ಮ ದೇಶದಲ್ಲಿ ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು 1964ರಿಂದ 1966ರವರೆಗೆ ಕೆಲಸ ಮಾಡಿ ಒಂದು ದೊಡ್ಡ ವರದಿಯನ್ನು ಕೊಟ್ಟಿತು. ಅದರಲ್ಲಿ ನೆರೆಹೊರೆಯ ಶಾಲೆ ಎಂಬ ಕಲ್ಪನೆ ಇದೆ. ಜಾತಿ, ಮತ, ಹಣ, ಅಂತಸ್ತು ಯಾವುದನ್ನೂ ನೋಡದೆ ಒಂದು ಪ್ರದೇಶದ ಎಲ್ಲ ಮಕ್ಕಳೂ ಆ ಪ್ರದೇಶದ ಶಾಲೆಗೇ ಹೋಗಬೇಕೆಂಬುದು ಅದರ ತಿರುಳು.

ಆಯೋಗ ಇದಕ್ಕೆ ಕೊಟ್ಟ ಎರಡು ಕಾರಣಗಳು ಇಂದಿಗೂ ಯೋಚಿಸತಕ್ಕವು. ಸಾಮಾನ್ಯ ಜನರ ಮಕ್ಕಳೊಡನೆ ಬೆರೆತು ಬೆಳೆಯುವುದೇ ಒಳ್ಳೆಯ ಶಿಕ್ಷಣದ ಒಂದು ಭಾಗ ಎಂಬುದು ಮೊದಲನೆಯದು. ಅದಿಲ್ಲದಿದ್ದರೆ ಶ್ರೀಮಂತರ ಮಗುವಿಗೂ ನಷ್ಟವೇ. ಎರಡನೆಯದು ವ್ಯವಹಾರದ ಮಾತು. ಊರಿನ ಪ್ರಭಾವಶಾಲಿಗಳ ಮಕ್ಕಳೂ ಅದೇ ಶಾಲೆಯಲ್ಲಿದ್ದರೆ ಆ ಶಾಲೆಯ ಮಾಡು ಸೋರಿದಾಗ ಬೇಗ ರಿಪೇರಿಯಾಗುತ್ತದೆ, ಮೇಷ್ಟ್ರ ಹುದ್ದೆ ಖಾಲಿಯಿದ್ದರೆ ಬೇಗ ತುಂಬುತ್ತದೆ. ಬಡವರ ಮಕ್ಕಳು ಮಾತ್ರ ಇರುವ ಶಾಲೆಗಾಗಿ ಕೂಗುವವರು ಯಾರು?

1968ರ ರಾಷ್ಟ್ರೀಯ ಶಿಕ್ಷಣ ನೀತಿಯು ಈ ಮಾತನ್ನು ತಾತ್ವಿಕವಾಗಿ ಒಪ್ಪಿತು. ಕಾರ್ಯರೂಪಕ್ಕೆ ಮಾತ್ರ ಬರಲಿಲ್ಲ. 2015ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟು ಇದೇ ಧಾಟಿಯಲ್ಲಿ, ಸರಕಾರಿ ನೌಕರರು, ಜನಪ್ರತಿನಿಧಿಗಳು, ನ್ಯಾಯಾಂಗದಲ್ಲಿರುವವರು ತಮ್ಮ ಮಕ್ಕಳನ್ನು ಸರಕಾರಿ ಪ್ರಾಥಮಿಕ ಶಾಲೆಗಳಿಗೇ ಕಳುಹಿಸುವಂತೆ ಮಾಡಬೇಕೆಂದು ಉತ್ತರ ಪ್ರದೇಶ ಸರಕಾರಕ್ಕೆ ಆದೇಶಿಸಿತು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದ ಆ ಆದೇಶ ಶಾಲೆಗಳ ಬಾಗಿಲನ್ನು ತಲುಪಲಿಲ್ಲ.

ಗೆರೆ ಎಳೆದಲ್ಲಿ ಆದದ್ದೇನು?

ಹಾಗಾದರೆ ಕಾನೂನಿನಿಂದಲೇ ಗೆರೆ ಎಳೆದುಬಿಟ್ಟರೆ ಸರಿಯಾದೀತೇ? ಎಳೆದು ನೋಡಿದ ದೇಶಗಳಿವೆ. ದಕ್ಷಿಣ ಕೊರಿಯಾದಲ್ಲಿ ಹೈಸ್ಕೂಲು ಪ್ರವೇಶ ಪರೀಕ್ಷೆಯ ಪೈಪೋಟಿಯಿಂದ ಮಕ್ಕಳು ಬಳಲುತ್ತಿದ್ದರು. 1974ರಲ್ಲಿ ಅಲ್ಲಿನ ಸರಕಾರ ಮೊದಲಿಗೆ ಸೋಲ್ ಮತ್ತು ಬೂಸಾನ್ ನಗರಗಳಲ್ಲಿ ಆ ಪರೀಕ್ಷೆಯನ್ನು ತೆಗೆದುಹಾಕಿ, ಊರನ್ನು ಶಾಲಾ ವಲಯಗಳನ್ನಾಗಿ ವಿಂಗಡಿಸಿ, ಚೀಟಿ ಎತ್ತುವ ಮೂಲಕ ಮಕ್ಕಳನ್ನು ಹಂಚಿತು. ಖಾಸಗಿ ಶಾಲೆಗಳೂ ಈ ಹಂಚಿಕೆಗೆ ಒಳಪಟ್ಟವು. ಉದ್ದೇಶ ಒಳ್ಳೆಯದೇ. ಆದರೆ ಕೆಲವು ಹೆಸರಾಂತ ಹಳೆಯ ಶಾಲೆಗಳು ಸೋಲ್ ನಗರದ ಗಾಂಗ್ನಮ್ ಎಂಬ ಹೊಸ ಬಡಾವಣೆಗೆ ಸ್ಥಳಾಂತರಗೊಂಡಾಗ, ಅನುಕೂಲಸ್ಥರು ಅಲ್ಲಿಗೇ ಮನೆ ಬದಲಿಸಿದರು. ಮನೆಗಳ ಬೆಲೆ ಆಕಾಶಕ್ಕೇರಿತು. ಹಿಂದೆ ಪರೀಕ್ಷೆಯಲ್ಲಿ ಗೆದ್ದವನಿಗೆ ಸಿಗುತ್ತಿದ್ದ ಸೀಟು ಈಗ ಮನೆ ಕೊಳ್ಳಬಲ್ಲವನಿಗೆ ಸಿಗುವಂತಾಯಿತು.

ನಮ್ಮ ದೆಹಲಿಯಲ್ಲೂ ಇದನ್ನು ನೋಡಿದ್ದೇವೆ. 2013ರ ಡಿಸೆಂಬರ್‌ನಲ್ಲಿ ಅಲ್ಲಿನ ಖಾಸಗಿ ಶಾಲೆಗಳ ನರ್ಸರಿ ಪ್ರವೇಶಕ್ಕೆ ಹೊರಡಿಸಿದ ನಿಯಮದಲ್ಲಿ ನೂರರಲ್ಲಿ 70 ಅಂಕ ಶಾಲೆಯ ನೆರೆಹೊರೆಯಲ್ಲಿ ವಾಸಿಸುವುದಕ್ಕೇ ಮೀಸಲಾಗಿತ್ತು. ಪ್ರಕರಣ ಹೈಕೋರ್ಟಿಗೆ ಹೋಯಿತು. ಮಗುವಿಗೆ ಯಾವ ಶಾಲೆ ಎಂದು ತೀರ್ಮಾನಿಸುವುದು ಹೆತ್ತವರ ಹಕ್ಕು ಎಂಬ ನೆಲೆಯಲ್ಲಿ 2014ರ ನವೆಂಬರ್‌ನಲ್ಲಿ ನ್ಯಾಯಾಲಯ ಆ ನಿಯಮವನ್ನು ರದ್ದುಪಡಿಸಿತು. ಒಳ್ಳೆಯ ಶಾಲೆಯ ಸುತ್ತ ಒಳ್ಳೆಯ ಬಾಡಿಗೆ ಕೊಡಬಲ್ಲವರೇ ಇರುವ ಊರಿನಲ್ಲಿ, ಕೊಳೆಗೇರಿಯ ಮಗುವಿಗೆ ಗೆರೆಯು ಗೋಡೆಯಾಗುತ್ತದೆ.

ಹೀಗೆ ಎರಡು ಕಡೆಯೂ ಸತ್ಯವಿದೆ. ಆಯ್ಕೆಯನ್ನು ಪೂರ್ತಿ ಬಿಟ್ಟುಕೊಟ್ಟರೆ ಹಣವಿದ್ದವನು ಆರಿಸುತ್ತಾನೆ, ಇಲ್ಲದವನು ಉಳಿದದ್ದನ್ನು ತೆಗೆದುಕೊಳ್ಳುತ್ತಾನೆ. ಗೆರೆಯನ್ನು ಎಳೆದರೆ ಹಣವಿದ್ದವನು ಗೆರೆಯ ಒಳಗೆ ಮನೆ ಮಾಡುತ್ತಾನೆ, ಇಲ್ಲದವನು ಹೊರಗುಳಿಯುತ್ತಾನೆ. ಕಾನೂನಿನ ಗೆರೆ ಮಾತ್ರದಿಂದ ಮನುಷ್ಯನ ಮನಸ್ಸು ಬದಲಾಗುವುದಿಲ್ಲ.

ನಮ್ಮ ನಾಡಿನ ಗೆರೆ

ನಮ್ಮ ಕಡೆಯ ವಿಷಯ ಇನ್ನೂ ವಿಚಿತ್ರವಾಗಿದೆ. ಕಡ್ಡಾಯ ಶಿಕ್ಷಣ ಹಕ್ಕು ಕಾಯಿದೆ 2009ರಲ್ಲಿ ಅಂಗೀಕಾರವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸರಕಾರವು ಪ್ರತಿ ಮಗುವಿಗೂ ನೆರೆಹೊರೆಯಲ್ಲೇ ಶಾಲೆ ಒದಗಿಸಬೇಕೆಂದು ಅದು ಹೇಳುತ್ತದೆ. ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಒಂದರಿಂದ ಐದನೆಯ ತರಗತಿಗೆ ಒಂದು ಕಿಲೋಮೀಟರ್, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್ ದೂರದೊಳಗೆ ಶಾಲೆ ಇರಬೇಕು. ಜೊತೆಗೆ, ಅನುದಾನರಹಿತ ಖಾಸಗಿ ಶಾಲೆಗಳು ತಮ್ಮ ಮೊದಲ ತರಗತಿಯ ಶೇಕಡ 25ರಷ್ಟು ಸೀಟುಗಳನ್ನು ನೆರೆಹೊರೆಯ ಬಡ ಮತ್ತು ಹಿಂದುಳಿದ ಮಕ್ಕಳಿಗೆ ಉಚಿತವಾಗಿ ಕೊಡಬೇಕೆಂದೂ ಕಾಯಿದೆ ಹೇಳಿತು.

2019ರಲ್ಲಿ ಕರ್ನಾಟಕ ಸರಕಾರ ನಿಯಮಕ್ಕೆ ತಿದ್ದುಪಡಿ ಮಾಡಿತು. ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆ ಈ ಸೀಟುಗಳನ್ನು ಕೊಡಬೇಕಾಗಿಲ್ಲ ಎಂಬುದು ಆ ತಿದ್ದುಪಡಿ. ಸರಕಾರಿ ಶಾಲೆಗಳು ಮಕ್ಕಳಿಲ್ಲದೆ ಮುಚ್ಚಿಹೋಗುತ್ತಿವೆ, ಅವನ್ನು ಉಳಿಸಬೇಕೆಂಬ ಕಾರಣ ಕೊಡಲಾಯಿತು. ರಾಜ್ಯದ ಹೈಕೋರ್ಟು ಅದೇ ವರ್ಷ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಲಕ್ಷದ ಲೆಕ್ಕದಲ್ಲಿದ್ದ ಉಚಿತ ಸೀಟುಗಳು ಸಾವಿರಗಳ ಲೆಕ್ಕಕ್ಕೆ ಇಳಿದವು. ಮಹಾರಾಷ್ಟ್ರ ಸರಕಾರ 2024ರಲ್ಲಿ ಇದೇ ರೀತಿಯ ನಿಯಮ ಮಾಡಿದಾಗ ಬಾಂಬೆ ಹೈಕೋರ್ಟು ಅದನ್ನು ರದ್ದುಮಾಡಿತು. ಸುಪ್ರೀಂ ಕೋರ್ಟು ಆ ತೀರ್ಪನ್ನು ಬದಲಿಸಲು ಒಪ್ಪಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮ ನಾಡಿನಲ್ಲಿ ಶುಲ್ಕ ಕೊಡಬಲ್ಲ ಹೆತ್ತವರಿಗೆ ಯಾವ ಗೆರೆಯೂ ಇಲ್ಲ. ಅವರ ಮಗು ಶಾಲೆಯ ವ್ಯಾನಿನಲ್ಲಿ ಹತ್ತು ಹದಿನೈದು ಕಿಲೋಮೀಟರ್ ಹೋಗಿಬರಬಹುದು, ದಾರಿಯಲ್ಲಿ ಐದು ಸರಕಾರಿ ಶಾಲೆಗಳನ್ನು ದಾಟಬಹುದು. ಸರಕಾರಿ ಶಾಲೆ ಉಳಿಸುವ ಹೊಣೆಯನ್ನು ಯಾರೂ ಅವರ ಮೇಲೆ ಹಾಕಲಿಲ್ಲ. ಆ ಹೊಣೆ ಬಿದ್ದದ್ದು ಕೂಲಿಯವನ ಮಗುವಿನ ಮೇಲೆ. ನೆರೆಹೊರೆ ಎಂಬ ಸುಂದರ ಪದ, ಬಡವನನ್ನು ಮಾತ್ರ ಕಟ್ಟಿಹಾಕುವ ಹಗ್ಗವಾಯಿತು.

ನಮ್ಮ ಶಾಲೆಗಳ ಸ್ವಾತಂತ್ರ್ಯ

ಈಗ ನಮ್ಮ ಮನೆಯ ಮಾತಿಗೆ ಬರೋಣ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಒಂದೇ ದಿನ ಎರಡು ತೀರ್ಪುಗಳನ್ನು ಕೊಟ್ಟಿತು. ಒಂದು ಕರ್ನಾಟಕದ್ದೇ. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂಬ 1994ರ ಸರಕಾರಿ ಆದೇಶವನ್ನು ಖಾಸಗಿ ಶಾಲೆಗಳ ಮೇಲೆ ಹೇರುವಂತಿಲ್ಲ, ಮಗು ಯಾವ ಮಾಧ್ಯಮದಲ್ಲಿ ಕಲಿಯಬೇಕೆಂಬುದು ಹೆತ್ತವರ ಆಯ್ಕೆ ಎಂದು ನ್ಯಾಯಾಲಯ ಹೇಳಿತು. ಇನ್ನೊಂದು ತೀರ್ಪು, ಸಂವಿಧಾನದ 30ನೆಯ ವಿಧಿಯ ರಕ್ಷಣೆಯಿರುವ ಅಲ್ಪಸಂಖ್ಯಾತರ ಶಾಲೆಗಳಿಗೆ, ಅನುದಾನಿತವಿರಲಿ ಅನುದಾನರಹಿತವಿರಲಿ, ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸುವುದಿಲ್ಲ ಎಂದಿತು. ಹೀಗೆ ಶೇಕಡ 25ರ ನಿಯಮದಿಂದ ನಮ್ಮ ಶಾಲೆಗಳು ಹೊರಗುಳಿದವು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಈ ಎರಡನೆಯ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ಅದನ್ನು ಮತ್ತೆ ಪರಿಶೀಲಿಸುವ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು.

ಅಲ್ಪಸಂಖ್ಯಾತರಿಗೆ ಈ ರಕ್ಷಣೆ ಬೇಕು. ಆರೆಗಾನಿನ ಕತೆಯನ್ನು ಓದಿದವರಿಗೆ ಅದರ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಆದರೆ ನ್ಯಾಯಾಲಯದಲ್ಲಿ ಗೆದ್ದ ಸ್ವಾತಂತ್ರ್ಯವನ್ನು ನಾವು ಯಾವುದಕ್ಕಾಗಿ ಬಳಸುತ್ತಿದ್ದೇವೆ ಎಂಬ ಪ್ರಶ್ನೆಗೆ ನ್ಯಾಯಾಲಯ ಉತ್ತರ ಕೊಡುವುದಿಲ್ಲ. ಅದನ್ನು ನಮ್ಮ ಆತ್ಮಸಾಕ್ಷಿಯೇ ಕೊಡಬೇಕು. ಹೆತ್ತವರ ಹಕ್ಕನ್ನು ಎತ್ತಿಹಿಡಿದ ಅದೇ ವ್ಯಾಟಿಕನ್ ಮಹಾಸಭೆಯ ಘೋಷಣೆ, ಬಡವರ, ಕುಟುಂಬದ ಆಸರೆಯಿಲ್ಲದವರ, ವಿಶ್ವಾಸದಿಂದ ದೂರವಿರುವವರ ಮಕ್ಕಳ ಬಗ್ಗೆ ಕಥೋಲಿಕ ಶಾಲೆಗಳು ವಿಶೇಷ ಕಾಳಜಿ ತೋರಬೇಕೆಂದೂ ಹೇಳಿದೆ. ಮೊದಲ ಮಾತನ್ನು ವಕೀಲರ ಮೂಲಕ ಹೇಳಿಸಿ, ಎರಡನೆಯ ಮಾತನ್ನು ಮರೆತರೆ ಅದು ಅರ್ಧ ಬೋಧನೆಯಾಗುತ್ತದೆ.

ಇದನ್ನು ಬರೆಯುವಾಗ, ಎಷ್ಟೋ ಹಳ್ಳಿಗಳಲ್ಲಿ ಬಡ ಮಕ್ಕಳಿಗೆ ಪಾಠ ಹೇಳುತ್ತಿರುವ ಕನ್ಯಾಸ್ತ್ರೀಯರನ್ನೂ, ಸದ್ದಿಲ್ಲದೆ ಶುಲ್ಕ ಮನ್ನಾ ಮಾಡುವ ಮುಖ್ಯೋಪಾಧ್ಯಾಯರನ್ನೂ ಮರೆಯುವುದು ಅನ್ಯಾಯ. ಆದರೆ ಇನ್ನೊಂದು ದೃಶ್ಯವೂ ನಮ್ಮ ಕಣ್ಣ ಮುಂದೆಯೇ ಇದೆ. ಕರಾವಳಿಯ ಅನೇಕ ವಿಚಾರಣೆಗಳಲ್ಲಿ ದೇವಾಲಯದ ಪಕ್ಕದಲ್ಲೇ ಹಳೆಯ ಅನುದಾನಿತ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆ ಇದೆ. ನಮ್ಮ ಹಿರಿಯರು ಬರಿಗಾಲಲ್ಲಿ ನಡೆದು ಬಂದು ಅಕ್ಷರ ಕಲಿತದ್ದು ಅಲ್ಲಿಯೇ. ಎಲ್ಲ ಜಾತಿಯ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತದ್ದೂ ಅಲ್ಲಿಯೇ. ಈಗ ನಿವೃತ್ತರಾದವರ ಹುದ್ದೆಗೆ ಹೊಸ ಶಿಕ್ಷಕರು ಬರುವುದು ಅಪರೂಪ, ತರಗತಿಯಲ್ಲಿ ಮಕ್ಕಳು ಬೆರಳೆಣಿಕೆಯಷ್ಟು. ಅದೇ ಕಾಂಪೌಂಡಿನ ಇನ್ನೊಂದು ಬದಿಯಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆ ತುಂಬಿ ತುಳುಕುತ್ತದೆ. ಒಂದೇ ಗಂಟೆಯ ಸದ್ದಿಗೆ ಎರಡು ಬಗೆಯ ಮಕ್ಕಳು ಎರಡು ಗೇಟಿನಿಂದ ಒಳಹೋಗುತ್ತಾರೆ. ಈ ಗೆರೆಯನ್ನು ಎಳೆದದ್ದು ಸರಕಾರವಲ್ಲ.

ಹಕ್ಕಿನ ಮೇಲಿನ ಋಣ

ಇಲ್ಲಿ ಒಬ್ಬ ತಂದೆ ಎದ್ದು ಕೇಳಬಹುದು: ಸ್ವಾಮಿ, ಸಮಾಜವನ್ನು ಸರಿಪಡಿಸಲು ನನ್ನ ಮಗಳನ್ನೇ ಪ್ರಯೋಗಕ್ಕೆ ಒಡ್ಡಬೇಕೇ? ಅವಳಿಗೆ ಬಾಲ್ಯ ಬರುವುದು ಒಂದೇ ಸಲ. ಶಾಲೆ ಸುಧಾರಿಸುವವರೆಗೆ ಅವಳು ಕಾಯಲಾರಳು.

ಈ ಪ್ರಶ್ನೆ ನ್ಯಾಯವಾದುದು. ದೇವರು ನನ್ನ ಕೈಗೆ ಕೊಟ್ಟದ್ದು ಈ ಮಗುವನ್ನು. ಅದರ ಹೊಣೆಯೇ ನನಗೆ ಮೊದಲನೆಯದು. ಪಾಠವೇ ನಡೆಯದ ಶಾಲೆಗೆ ಮಗುವನ್ನು ತಳ್ಳಿ ಅದನ್ನು ತ್ಯಾಗವೆಂದು ಕರೆಯುವಂತಿಲ್ಲ, ಏಕೆಂದರೆ ಅಲ್ಲಿ ತ್ಯಾಗ ಮಾಡಿದ್ದು ತಂದೆಯಲ್ಲ, ಮಗು. ಆದುದರಿಂದ ಒಳ್ಳೆಯ ಶಾಲೆಯನ್ನು ಆರಿಸುವುದು ಪಾಪವಲ್ಲ.

ಆದರೆ ಆಯ್ಕೆಗಳಲ್ಲಿ ಎರಡು ಬಗೆ ಇವೆ. ಅಲ್ಲಿ ಚೆನ್ನಾಗಿ ಕಲಿಸುತ್ತಾರೆ ಎಂದು ಒಂದು ಶಾಲೆಯನ್ನು ಆರಿಸುವುದು ಒಂದು. ಅಲ್ಲಿ ಕೂಲಿಯವರ ಮಕ್ಕಳಿಲ್ಲ, ನಮ್ಮ ಮಗು ಅಂಥವರ ಜೊತೆ ಬೆರೆಯಬೇಕಾಗಿಲ್ಲ ಎಂದು ಆರಿಸುವುದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಅರ್ಜಿ, ಒಂದೇ ಶುಲ್ಕ. ಒಳಗೆ ಮಾತ್ರ ಅಜಗಜಾಂತರ. ಮೊದಲನೆಯದು ಹೆತ್ತವರ ಪ್ರೀತಿ. ಎರಡನೆಯದು ಪ್ರೀತಿಯ ವೇಷದಲ್ಲಿರುವ ಅಹಂಕಾರ. ಯಾವುದು ನಮ್ಮದು ಎಂದು ಪರೀಕ್ಷಿಸಲು ಒಂದು ಸುಲಭ ಮಾರ್ಗವಿದೆ. ನಾನು ಆರಿಸಿದ ಶಾಲೆಯೇ ನಾಳೆ ಹತ್ತು ಬಡ ಮಕ್ಕಳನ್ನು ಉಚಿತವಾಗಿ ಸೇರಿಸಿಕೊಂಡರೆ ನನಗೆ ಸಂತೋಷವಾಗುತ್ತದೆಯೇ, ಅಥವಾ ಪೋಷಕರ ಸಭೆಯಲ್ಲಿ ಎದ್ದುನಿಂತು ದೂರುತ್ತೇನೆಯೇ?

ಜಗದ್ಗುರು ಎರಡನೆಯ ಜಾನ್ ಪೌಲರು 1987ರ ತಮ್ಮ ವಿಶ್ವಪರಿಪತ್ರವೊಂದರಲ್ಲಿ ಖಾಸಗಿ ಆಸ್ತಿಯ ಬಗ್ಗೆ ಒಂದು ಮಾತು ಹೇಳಿದ್ದಾರೆ. ಆಸ್ತಿಯ ಹಕ್ಕು ನಿಜವಾದದ್ದೇ, ಆದರೆ ಅದರ ಮೇಲೆ ಸಮಾಜದ ಒಂದು ಅಡಮಾನವಿದೆ ಎಂಬುದು ಅದರ ಭಾವ. ಅಡವಿಟ್ಟ ಹೊಲವು ನನ್ನದೇ, ಉಳುವವನೂ ನಾನೇ, ಆದರೆ ಫಸಲಿನಲ್ಲಿ ಸಾಲಗಾರನಿಗೆ ಸಲ್ಲಬೇಕಾದ ಪಾಲು ಇದ್ದೇ ಇದೆ. ಶಾಲೆಯ ಆಯ್ಕೆಯ ಹಕ್ಕನ್ನೂ ಹೀಗೆಯೇ ತಿಳಿಯಬಹುದು. ಅದನ್ನು ನಮ್ಮಿಂದ ಕಿತ್ತುಕೊಳ್ಳಬೇಕಾಗಿಲ್ಲ. ಆದರೆ ಅದನ್ನು ಬಳಸಿದವನು ಋಣಿಯಾಗುತ್ತಾನೆ. ಯಾರಿಗೆ ಆಯ್ಕೆಯೇ ಇರಲಿಲ್ಲವೋ ಆ ಮಗುವಿಗೆ ಆತ ಋಣಿ.

ಋಣ ತೀರಿಸುವುದು ಹೇಗೆ?

ಸತ್ಯದಿಂದ ಆರಂಭಿಸೋಣ. ಉಚಿತ ಸೀಟಿಗಾಗಿ ಸುಳ್ಳು ವಿಳಾಸ, ಸುಳ್ಳು ಆದಾಯ ಪತ್ರ ಕೊಡುವುದನ್ನು ನಾವು ಸಣ್ಣ ಚಾತುರ್ಯವೆಂದು ಭಾವಿಸುತ್ತೇವೆ. ಆ ಸೀಟು ಆಕಾಶದಿಂದ ಬಿದ್ದದ್ದಲ್ಲ. ಅದರ ಹಿಂದೆ ನಿಜವಾಗಿಯೂ ಬಡವನಾದ ಒಂದು ಮಗು ಇದೆ. ಮಗುವಿನ ಶಿಕ್ಷಣವನ್ನು ಕಳವಿನಿಂದ ಆರಂಭಿಸಿದರೆ ಮುಂದೆ ಧರ್ಮೋಪದೇಶದ ತರಗತಿಯಲ್ಲಿ ಅದಕ್ಕೆ ಏಳನೆಯ ಕಟ್ಟಳೆಯನ್ನು ಹೇಗೆ ಕಲಿಸುವುದು?

ಶಾಲೆಯಲ್ಲಿ ಹೆತ್ತವರಿಗೂ ಒಂದು ಮಾತಿದೆ. ಪೋಷಕರ ಸಭೆಯಲ್ಲಿ ನಾವು ವ್ಯಾನಿನ ದರ, ಸಮವಸ್ತ್ರದ ಬಟ್ಟೆಯ ಬಗ್ಗೆ ಕೇಳುತ್ತೇವೆ. ಈ ವಿಚಾರಣೆಯ ಎಷ್ಟು ಬಡ ಕುಟುಂಬಗಳ ಮಕ್ಕಳು ಇಲ್ಲಿ ಓದುತ್ತಿದ್ದಾರೆ ಎಂದು ಒಮ್ಮೆ ಕೇಳೋಣ. ಕಾನೂನು ಬಲವಂತ ಮಾಡುವ ಮೊದಲೇ ನಮ್ಮ ಶಾಲೆಗಳು ಒಂದಷ್ಟು ಸೀಟುಗಳನ್ನು ನೆರೆಹೊರೆಯ ಮಕ್ಕಳಿಗಾಗಿ ತೆಗೆದಿಡಲಿ, ಅದರ ವೆಚ್ಚಕ್ಕೆ ಶುಲ್ಕದಲ್ಲಿ ಸ್ವಲ್ಪ ಹೆಚ್ಚಾದರೂ ನಾವು ಗೊಣಗುವುದಿಲ್ಲ ಎಂದು ಹೇಳುವ ಹೆತ್ತವರು ಬೇಕು. ಒತ್ತಾಯಕ್ಕೆ ಕೊಟ್ಟದ್ದು ತೆರಿಗೆ. ಮನಸ್ಸಿನಿಂದ ಕೊಟ್ಟದ್ದು ಮಾತ್ರ ದಾನ.

ನಾವು ಬಿಟ್ಟುಬಂದ ಶಾಲೆಯನ್ನೂ ಮರೆಯದಿರೋಣ. 2001ರಿಂದ ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಅವುಗಳ ಸದಸ್ಯರಲ್ಲಿ ಹೆಚ್ಚಿನವರು ಅಲ್ಲಿ ಓದುವ ಮಕ್ಕಳ ತಂದೆತಾಯಿಗಳು, ದಿನಗೂಲಿ ಬಿಟ್ಟು ಸಭೆಗೆ ಬರಬೇಕಾದವರು. ಅರ್ಜಿ ಬರೆಯಲು, ಇಲಾಖೆಯ ಕಚೇರಿಗೆ ಅಲೆಯಲು ಅವರಿಗೆ ಜೊತೆ ಬೇಕು. ನಮ್ಮ ವಿಚಾರಣೆಗಳಲ್ಲಿ ನಿವೃತ್ತ ಶಿಕ್ಷಕರು, ಬ್ಯಾಂಕು ನೌಕರರು, ದಾದಿಯರು ಎಷ್ಟು ಮಂದಿ ಇಲ್ಲ? ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಅಕ್ಕಿ ಹಂಚುವಂತೆಯೇ, ವಾರಕ್ಕೆರಡು ಸಂಜೆ ಮಕ್ಕಳಿಗೆ ಲೆಕ್ಕ ಹೇಳಿಕೊಡುವವರ ಒಂದು ತಂಡ ಪ್ರತಿ ವಿಚಾರಣೆಯಲ್ಲೂ ಇರಬಾರದೇಕೆ?

ಇವೆಲ್ಲವೂ ಮನೆಯ ಮಾತಿನಿಂದ ಮೊದಲಾಗಬೇಕು. ಊಟದ ಹೊತ್ತಿನಲ್ಲಿ ನಾವು ಸರಕಾರಿ ಶಾಲೆಯ ಮಕ್ಕಳ ಬಗ್ಗೆ ಹೇಗೆ ಮಾತನಾಡುತ್ತೇವೆಯೋ ನಮ್ಮ ಮಗು ಅದನ್ನೇ ಕಲಿಯುತ್ತದೆ. ಎಷ್ಟು ದೊಡ್ಡ ಶಾಲೆಗೆ ಕಳುಹಿಸಿದರೂ ಆ ಪಾಠವನ್ನು ಅಳಿಸಲಾಗದು.

ನೆರೆಯವನು ಯಾರು ಎಂದು ಧರ್ಮಶಾಸ್ತ್ರಿಯೊಬ್ಬ ಯೇಸುಸ್ವಾಮಿಯನ್ನು ಕೇಳಿದ ಪ್ರಸಂಗವನ್ನು ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಓದುತ್ತೇವೆ. ಆತನಿಗೆ ಬೇಕಾಗಿದ್ದದ್ದು ಒಂದು ಗೆರೆ: ಇಲ್ಲಿಯವರೆಗೆ ನನ್ನ ಹೊಣೆ, ಇದರಾಚೆ ಅಲ್ಲ ಎಂದು ಹೇಳಲು. ಯೇಸುಸ್ವಾಮಿ ಗೆರೆ ಎಳೆಯಲಿಲ್ಲ. ಬೇರೆ ಸೀಮೆಯಿಂದ ಬಂದ ಸಮಾರಿಯದವನ ಕತೆ ಹೇಳಿದರು. ಆ ಗಾಯಾಳುವಿನ ವಿಳಾಸವನ್ನು ಸಮಾರಿಯದವನು ವಿಚಾರಿಸಲಿಲ್ಲ. ಯಾಜಕನೂ ಲೇವಿಯನೂ ಅದೇ ದಾರಿಯಲ್ಲಿ ಹೋದವರೇ, ಆದರೆ ಅವರು ಆಚೆ ಬದಿಯಿಂದ ದಾಟಿದರು.

ಪ್ರಿಯ ಓದುಗರೇ, ನೆರೆಹೊರೆಯನ್ನು ಸರಕಾರ ಕಿಲೋಮೀಟರಿನಲ್ಲಿ ಅಳೆಯಲಿ, ವಾರ್ಡಿನಲ್ಲಿ ಅಳೆಯಲಿ. ಅಳತೆಗಳು ಬದಲಾಗುತ್ತವೆ, ತೀರ್ಪುಗಳೂ ಬದಲಾಗುತ್ತವೆ. ನಮ್ಮ ಮಗುವಿಗೆ ಒಳ್ಳೆಯ ಶಾಲೆಯನ್ನು ಹುಡುಕೋಣ, ದೇವರು ನಮಗೆ ಕೊಟ್ಟ ಆ ಹಕ್ಕನ್ನು ಧೈರ್ಯದಿಂದ ಬಳಸೋಣ. ಆದರೆ ಪ್ರವೇಶ ಶುಲ್ಕದ ರಸೀದಿಯನ್ನು ಜೋಪಾನವಾಗಿ ಎತ್ತಿಡುವ ದಿನ, ನಮ್ಮ ಬೀದಿಯಲ್ಲೇ ಇರುವ ಇನ್ನೊಂದು ಮಗುವಿನ ಹೆಸರನ್ನೂ ಪ್ರಾರ್ಥನೆಯಲ್ಲಿ ನೆನೆಯೋಣ. ಹೆಸರು ಗೊತ್ತಿಲ್ಲದಿದ್ದರೆ, ಹೋಗಿ ಕೇಳಿ ತಿಳಿದುಕೊಳ್ಳೋಣ.